ಮೈನಸ್ ಇಪ್ಪತ್ತರ ಕೋಣೆ – ೭: ಡಬ್ಬಿಯಲ್ಲಿ ಉಳಿದ ನಂಬರು

“ಭಾವ, ಆ ಪ್ಲಗ್ಗಿಗೆ ಕೈ ಹಾಕಬೇಡಿ!”

ನಾನು ಕಿರುಚಿದ ರಭಸಕ್ಕೆ ಭಾವನ ಕೈಯಲ್ಲಿದ್ದ ಸ್ಕ್ರೂಡ್ರೈವರು ಠಣ್ಣೆಂದು ನೆಲಕ್ಕೆ ಬಿತ್ತು. ಗೋದಾಮಿನ ಮ್ಯಾನೇಜರು ಟೀಯನ್ನು ಅಂಗಿಯ ಮೇಲೇ ಚೆಲ್ಲಿಕೊಂಡರು. ಇನ್‌ಸ್ಪೆಕ್ಟರ್ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಅಕ್ಕ ಮಾತ್ರ ತಲೆ ಎತ್ತಲಿಲ್ಲ. ಅವಳ ಮುಂದೆ ಹೇಳಿಕೆಯ ಕಾಗದವಿತ್ತು, ಕೈಯಲ್ಲಿ ಪೆನ್ನಿತ್ತು.

“ಏನ್ ಮೇಡಂ ಇದು, ಜೀವ ಬಾಯಿಗೆ ಬಂತು!” ಸಾಹೇಬರು ಗದರಿದರು. “ಗೋಡೆಯಿಂದ ಒಂದು ಡಬ್ಬ ಬಿಚ್ಚಿ ಸ್ಟೇಷನ್ನಿಗೆ ತಗೊಂಡು ಹೋಗ್ತಿದೀವಿ, ಅಷ್ಟೆ. ಅದಕ್ಕೆ ಇಷ್ಟು ರಂಪ ಯಾಕೆ?”

“ಕರೆಂಟ್ ತೆಗೆದ್ರೆ ಸಾಕ್ಷಿ ಸತ್ತುಹೋಗುತ್ತೆ ಸಾರ್.”

“ಸತ್ತಿರೋದು ಮನುಷ್ಯ ಮೇಡಂ. ಡಬ್ಬ ಅಲ್ಲ.”

ಅದು ನಿಜ. ಮಂಗಳವಾರ ಮಧ್ಯಾಹ್ನ ಈ ಔಷಧಿ ಗೋದಾಮಿನ ಎರಡನೇ ಕೋಲ್ಡ್ ರೂಮಿಗೆ ಹೋದ ಮಂಜಣ್ಣ, ಸಂಜೆ ಬಾಗಿಲನ್ನು ಹಾರೆಯಿಂದ ಮೀಟಿ ತೆಗೆದಾಗ ಹೆಣವಾಗಿದ್ದರು. ಒಳಗೆ ಮೈನಸ್ ಇಪ್ಪತ್ತು ಡಿಗ್ರಿ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಇಪ್ಪತ್ತೆಂಟು ವರ್ಷ ಹಿಮದ ಕೋಣೆಗಳನ್ನು ನೋಡಿಕೊಂಡ ಮನುಷ್ಯನನ್ನು ಜನ ಇನ್ನೇನೆಂದು ಕರೆದಾರು! ಬಾಗಿಲಿನ ಒಳಮೈಗೆ ಹಿಡಿದಿದ್ದ ಹಿಮದ ಮೇಲೆ ಅವರು ಮುಷ್ಟಿಯಿಂದ ಬಡಿದ ಗುರುತುಗಳಿದ್ದವು. ನಾನು ಎಣಿಸಲು ಹೋಗಿ ನಲವತ್ತಕ್ಕೆ ನಿಲ್ಲಿಸಿಬಿಟ್ಟಿದ್ದೆ. ಮುಂದಕ್ಕೆ ನನ್ನ ಕೈಲಾಗಲಿಲ್ಲ.

ಇವತ್ತು ಶುಕ್ರವಾರ. ಹನ್ನೆರಡು ಗಂಟೆಗೆ ಪೊಲೀಸ್ ವ್ಯಾನು ಬಂದು ಅಕ್ಕನನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಗೋಡೆ ಗಡಿಯಾರ ಆಗಲೇ ಹನ್ನೊಂದೂ ಕಾಲು ತೋರಿಸುತ್ತಿತ್ತು.

ಅಕ್ಕ ಇಲ್ಲಿಯ ಸ್ಟೋರ್‌ಕೀಪರ್. ವಯಸ್ಸು ಐವತ್ತೆರಡು. ಎರಡು ತಿಂಗಳಿಂದ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದನ್ನು ಕಲಿಯುತ್ತಿದ್ದಳು. “ಕನ್ನಡಕ ದಪ್ಪಗಾದ ಮೇಲೆ ಸ್ಲೇಟು ಬಳಪ ಹಿಡ್ಕೊಂಡಿದೀಯಲ್ಲೇ” ಎಂದು ನಾನು ರೇಗಿಸಿದರೆ, “ನಿನಗಿಂತ ಮುಂಚೆ ಪಾಸಾಗ್ತೀನಿ ಬಿಡು” ಎನ್ನುತ್ತಿದ್ದಳು. ಆ ಕಲಿಕೆಯೇ ಅವಳ ಕೊರಳಿಗೆ ಉರುಳಾಗಿತ್ತು.

ಎರಡನೇ ಕೋಲ್ಡ್ ರೂಮಿನ ಒಳಗಡೆಯ ಹಿಡಿ ಮುರಿದು ಮೂರು ವಾರವಾಗಿತ್ತು. ಹೊಸದು ಬರುವವರೆಗೆ ಕೆಲಸ ನಿಲ್ಲಿಸುವಂತಿರಲಿಲ್ಲ. ಬಾಗಿಲು ಸಡಿಲಾದರೆ ಔಷಧಿ ಹಾಳಾಗುತ್ತದೆಂದು, ಮುಚ್ಚಿದ ಹತ್ತು ನಿಮಿಷಕ್ಕೆ ಚಿಲಕ ತಾನಾಗಿ ಬೀಳುವ ವ್ಯವಸ್ಥೆ ಮೊದಲಿನಿಂದ ಇತ್ತು. ಹಿಡಿ ಇಲ್ಲದ ಕೋಣೆಯಲ್ಲಿ ಮನುಷ್ಯರಿರುವಾಗ ಚಿಲಕ ಬಿದ್ದರೆ ಮುಗಿಯಿತಲ್ಲ. ಅದಕ್ಕೆ ಅಕ್ಕ ಒಂದು ಪುಟ್ಟ ಪ್ರೋಗ್ರಾಮು ಬರೆದು, ಬಾಗಿಲ ಪಕ್ಕದ ಗೋಡೆಗೆ ಒಂದು ಸಣ್ಣ ಕಂಪ್ಯೂಟರು, ಈಗ ಬಿಚ್ಚಲು ಹೊರಟಿದ್ದ ಆ ಡಬ್ಬ, ಹಾಕಿಸಿದಳು. ಒಳಗೆ ಹೋಗುವವರು ಬಾಗಿಲಿನ ಎಡಗಡೆ ಕಾರ್ಡು ತೋರಿಸಬೇಕು. ಹೊರಗೆ ಬಂದ ಮೇಲೆ ಬಲಗಡೆ ತೋರಿಸಬೇಕು. ಒಳಗೆ ಜನರಿರುವಷ್ಟು ಹೊತ್ತು ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ, ಚಿಲಕ ಬೀಳುವುದಿಲ್ಲ.

ಮಂಗಳವಾರ ದೀಪ ಆರಿತ್ತು, ಚಿಲಕ ಬಿದ್ದಿತ್ತು, ಮಂಜಣ್ಣ ಒಳಗೇ ಇದ್ದರು.

“ನಾನೇ ಕೊಂದೆ ಕಣೆ,” ಎಂದು ಅಕ್ಕ ಮೂರು ದಿನದಿಂದ ಒಂದೇ ಸಮನೆ ಹೇಳುತ್ತಿದ್ದಾಳೆ. ಅನ್ನ ಮುಟ್ಟಿಲ್ಲ. ಸಾಹೇಬರಿಗೂ ಬೇಕಾಗಿದ್ದು ಅದೇ. ತಾನಾಗಿ ತಲೆಯೊಡ್ಡುವ ಅಪರಾಧಿ ಸಿಕ್ಕಾಗ ಯಾವ ಪೊಲೀಸರು ತಾನೇ ಬೇರೆ ಬಾಗಿಲು ತಟ್ಟುತ್ತಾರೆ?

“ಸಾಹೇಬ್ರೆ, ಇವಳು ಚಿಕ್ಕಂದಿನಿಂದಲೂ ಹೀಗೇ. ಎಲ್ಲದಕ್ಕೂ ಅಡ್ಡಗಾಲು,” ಎನ್ನುತ್ತಾ ಭಾವ ಸ್ಕ್ರೂಡ್ರೈವರು ಎತ್ತಿಕೊಂಡರು. ಭಾವ ಕೋಲ್ಡ್ ರೂಮುಗಳ ಮೆಕ್ಯಾನಿಕ್. ಈ ಗೋದಾಮಿನ ನೌಕರರಲ್ಲ, ಕರೆದಾಗ ಬರುವ ಗುತ್ತಿಗೆಯವರು. ಡಬ್ಬ ಬಿಚ್ಚಲು ಸಾಹೇಬರು ಇವತ್ತು ಬೆಳಗ್ಗೆ ಅವರನ್ನೇ ಕರೆಸಿದ್ದರು. “ಪುಟ್ಟಿ, ನಿಮ್ಮಕ್ಕ ನರಳಿದ್ದು ಸಾಕಮ್ಮ. ಒಂದು ನಿಮಿಷದ ಕೆಲಸ, ಮುಗಿಸಿಬಿಡ್ತೀನಿ.”

ಭಾವನ ಕಣ್ಣುಗಳೂ ಕೆಂಪಗಿದ್ದವು. ಹೆಂಡತಿಯನ್ನು ಜೈಲಿಗೆ ಕಳಿಸುವ ಗಂಡನ ಕಣ್ಣುಗಳು ಇನ್ನು ಹೇಗಿರುತ್ತವೆ ಎಂದುಕೊಂಡೆ. ಆದರೆ ನಾನು ಪ್ಲಗ್ಗಿಗೂ ಅವರಿಗೂ ನಡುವೆ ಹೋಗಿ ನಿಂತೆ. ಹದಿನೆಂಟು ವರ್ಷದಿಂದ ಪತ್ತೇದಾರಿ ಮಾಡಿಕೊಂಡು ಅನ್ನ ತಿನ್ನುತ್ತಿರುವವಳು. ಅಡ್ಡ ನಿಲ್ಲುವುದೊಂದು ನನಗೆ ಚೆನ್ನಾಗಿ ಬರುತ್ತದೆ.

“ಸಾರ್, ಇದನ್ನ ನೋಡಿ ಆಮೇಲೆ ಬೇಕಾದ್ದು ಮಾಡಿ.” ಚೀಲದಿಂದ ದುಂಡನೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದೆ.

“ಅದು ನಮ್ಮ ಚಾರ್ಟು!” ಮ್ಯಾನೇಜರು ಅಂಗಿ ಒರೆಸಿಕೊಳ್ಳುವುದನ್ನು ಬಿಟ್ಟರು. “ನಿಮಗೆ ಹೇಗೆ ಸಿಕ್ತು?”

“ನಿಮ್ಮ ಮೆಷಿನ್ ರೂಮಿಗೆ ಬೀಗ ಇರಲಿಲ್ಲ. ಇವತ್ತು ಬೆಳಗ್ಗೆ ಹಾಕಿದೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ.”

ಕೋಣೆಯ ತಂಪು ಎಷ್ಟಿದೆಯೆಂದು ಒಂದು ಪೆನ್ನು ದಿನವಿಡೀ ಈ ಕಾಗದದ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿ ನುಗ್ಗಿ ಗೆರೆ ಉಬ್ಬುತ್ತದೆ. ಓದಲು ಬಾರದವರಿಗೂ ಅರ್ಥವಾಗುವ ಚಿತ್ರ ಅದು.

“ಮಂಗಳವಾರ ಮೂರು ಗಂಟೆಗೆ ಒಂದು ಉಬ್ಬು ಇದೆ. ಮಂಜಣ್ಣ ಒಳಗೆ ಹೋಗಿದ್ದು. ಸಂಜೆ ಆರಕ್ಕೆ ದೊಡ್ಡ ಉಬ್ಬು, ಬಾಗಿಲು ಮೀಟಿದ್ದು. ಅವೆರಡು ಸರಿ.” ನಾನು ಬೆರಳಿಟ್ಟು ತೋರಿಸಿದೆ. “ಮೂರೂ ಇಪ್ಪತ್ತಕ್ಕೆ ಇನ್ನೊಂದು ಇದೆಯಲ್ಲ, ಇದು ಯಾರದು?”

ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಮೂರು ದಿನದಲ್ಲಿ ಮೊದಲ ಸಲ ಅವರ ಮುಖದಿಂದ ಆ ಬೇಸರದ ಕಳೆ ಹೋಯಿತು.

“ಮಂಜಣ್ಣನೇ ಹೊರಗೆ ಬಂದು ಮತ್ತೆ ಹೋಗಿರಬಹುದು,” ಎಂದರು. “ಬಂದಾಗ ಬಲಗಡೆ ಕಾರ್ಡು ತೋರಿಸಿದ. ಏನೋ ನೆನಪಾಗಿ ಬಾಗಿಲು ಮುಚ್ಚೋ ಮುಂಚೆ ಹಾಗೇ ಒಳಗೆ ನುಗ್ಗಿದ. ಎಡಗಡೆ ತೋರಿಸೋದು ಮರೆತ.”

“ಇರಬಹುದು. ಹಾಗಿದ್ರೆ ತಪ್ಪು ಮಂಜಣ್ಣಂದು, ಅಕ್ಕಂದಲ್ಲ. ಇಲ್ಲಾಂದ್ರೆ ಅವರ ಜೊತೆ ಇನ್ನೊಬ್ಬರು ಒಳಗೆ ಹೋಗಿದ್ರು, ಅವರು ಹೊರಗೆ ಬಂದ್ರು, ಮಂಜಣ್ಣ ಒಳಗೇ ಉಳಿದ್ರು. ಎರಡರಲ್ಲಿ ಯಾವುದು ಅನ್ನೋದು ಈ ಡಬ್ಬಕ್ಕೆ ಗೊತ್ತು.”

“ಇಬ್ಬರು ಹೋಗೋ ಹಾಗೇ ಇಲ್ಲ ಮೇಡಂ,” ಮ್ಯಾನೇಜರು ಬಾಗಿಲಿನತ್ತ ಕೈ ಮಾಡಿದರು. ಹೌದು, ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿತ್ತು: ಒಂದು ಸಲಕ್ಕೆ ಒಬ್ಬರೇ.

“ನಿಯಮ ಇರೋದು ಬಾಗಿಲ ಮೇಲೆ ಸಾರ್. ಜನ ಓಡಾಡೋದು ನೆಲದ ಮೇಲೆ. ಅಕ್ಕ, ಇಲ್ಲಿ ನೋಡು. ಆ ಪೆನ್ನು ಕೆಳಗಿಡು. ನಿನ್ನ ಪ್ರೋಗ್ರಾಮಿನ ಬಗ್ಗೆ ಸಾಹೇಬರಿಗೆ ಹೇಳು, ನನಗೆ ಹೇಳ್ತಿದ್ದೆಯಲ್ಲ ಹಾಗೆ.”

ನನಗೆ ಉತ್ತರ ಗೊತ್ತಿತ್ತು. ಬೆಳಗ್ಗೆಯೇ ಅವಳ ಮೇಷ್ಟ್ರ ಕೋಣೆಗೆ ಹೋಗಿ ಅರ್ಧ ಗಂಟೆ ಪಾಠ ಹೇಳಿಸಿಕೊಂಡು ಬಂದಿದ್ದೆ. ಆದರೆ ಅಕ್ಕನ ಬಾಯಿಂದಲೇ ಬರಬೇಕಿತ್ತು. ಮೂರು ದಿನದಿಂದ ಅವಳ ತಲೆಯಲ್ಲಿ ಆ ಬಡಿತದ ಸದ್ದು ಬಿಟ್ಟು ಇನ್ನೇನೂ ಓಡುತ್ತಿರಲಿಲ್ಲ.

ಅಕ್ಕ ಒಣಗಿದ ದನಿಯಲ್ಲಿ ಶುರು ಮಾಡಿದಳು. “ಕಂಪ್ಯೂಟರಿಗೆ ಏನಾದ್ರೂ ನೆನಪಿರಬೇಕು ಅಂದ್ರೆ ಒಂದು ಡಬ್ಬಿ ಕೊಡಬೇಕು ಸಾರ್. ಡಬ್ಬಿಗೊಂದು ಹೆಸರು ಅಂಟಿಸಬೇಕು. ಅದಕ್ಕೆ ವೇರಿಯಬಲ್ ಅಂತಾರೆ. ನಾನು ಒಂದು ಡಬ್ಬಿ ಮಾಡಿ ‘ಒಳಗಿದಾರಾ’ ಅಂತ ಹೆಸರಿಟ್ಟೆ.”

“ಅದರಲ್ಲಿ ಏನಿಟ್ರಿ?” ಸಾಹೇಬರು ಕೇಳಿದರು.

“ಹೌದು, ಇಲ್ಲ. ಇವೆರಡರಲ್ಲಿ ಒಂದು. ಡಬ್ಬಿಗಳಲ್ಲೂ ಜಾತಿ ಇರುತ್ತೆ. ಕೆಲವಲ್ಲಿ ನಂಬರು ಇಡಬಹುದು, ಕೆಲವಲ್ಲಿ ಅಕ್ಷರ, ಕೆಲವಲ್ಲಿ ಬರೀ ಹೌದು ಅಥವಾ ಇಲ್ಲ. ಎಡಗಡೆ ಕಾರ್ಡು ತೋರಿಸಿದ್ರೆ ಡಬ್ಬಿಗೆ ‘ಹೌದು’ ಬೀಳುತ್ತೆ. ಬಲಗಡೆ ತೋರಿಸಿದ್ರೆ ‘ಇಲ್ಲ’ ಬೀಳುತ್ತೆ. ಒಬ್ಬರೇ ಹೋಗಬೇಕು ಅಂತ ನಿಯಮ ಇದೆಯಲ್ಲ. ಒಬ್ಬರಿಗೆ ಹೌದು-ಇಲ್ಲ ಸಾಕು ಅನ್ನಿಸ್ತು.”

“ಸರಿ. ಇಬ್ಬರು ಹೋದ್ರೆ ಏನಾಗುತ್ತೆ ಅಕ್ಕ?”

“ಮೊದಲನೇವರು ಹೋದಾಗ ಹೌದು. ಎರಡನೇವರು ಹೋದಾಗಲೂ ಹೌದು, ಇದ್ದಿದ್ದೇ ಇರುತ್ತೆ. ಆಮೇಲೆ ಒಬ್ಬರು ಹೊರಗೆ ಬಂದು ಬಲಗಡೆ…”

ಅವಳ ಮಾತು ಅಲ್ಲಿಗೇ ನಿಂತಿತು. ಬಣ್ಣ ಇಳಿದು ಮುಖ ಸುಣ್ಣದಂತಾಯಿತು.

“ಇಲ್ಲ ಅಂತ ಬೀಳುತ್ತೆ,” ಎಂದಳು ಪಿಸುದನಿಯಲ್ಲಿ. “ಇನ್ನೊಬ್ಬರು ಒಳಗೇ ಇದ್ರೂ ಇಲ್ಲ ಅಂತಲೇ ಬೀಳುತ್ತೆ. ನಂಬರಿನ ಡಬ್ಬಿ ಮಾಡಿದ್ರೆ ಒಂದು, ಎರಡು, ಮತ್ತೆ ಒಂದು ಅಂತ ಉಳೀತಿತ್ತು. ಚಿಲಕ ಬೀಳ್ತಿರಲಿಲ್ಲ. ಅಯ್ಯೋ ಪುಟ್ಟಿ, ನಾನು ಎಣಿಸೋ ಕಡೆ ಎಣಿಸಲೇ ಇಲ್ಲ ಕಣೆ!”

ನಾನು ಅವಳ ಹೆಗಲು ಹಿಡಿದುಕೊಂಡೆ. ಮೂವತ್ತು ವರ್ಷ ಗುಳಿಗೆ ಗುಳಿಗೆಯನ್ನೂ ಎಣಿಸಿ ಕೊಟ್ಟವಳು. ಬಾಗಿಲ ಮೇಲಿನ ನಿಯಮವನ್ನು ನಂಬಿ, ಮನುಷ್ಯರನ್ನು ಎಣಿಸುವುದು ಬಿಟ್ಟಿದ್ದಳು. ನಿಯಮವನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವರು ಮಾತ್ರ ಮಾಡಬಹುದಾದ ತಪ್ಪು ಅದು. ಅವಳು ಬಿಕ್ಕಲು ಶುರು ಮಾಡಿದಾಗ ನನಗೂ ತಡೆಯಲಾಗಲಿಲ್ಲ.

ಸಾಹೇಬರು ಕೆಮ್ಮಿದರು. “ತಪ್ಪು ಇವರದೇ ಆಯ್ತಲ್ಲ ಮೇಡಂ. ನೀವೇ ಹೇಳಿಸಿದ್ರಿ.”

“ಅರ್ಧ ಮಾತ್ರ ಸಾರ್. ಕಾರ್ಡು ತೋರಿಸೋ ಜಾಗ ಎರಡೂ ಹೊರಗಿನ ಗೋಡೆಯಲ್ಲಿದೆ. ಒಳಗೆ ಸಿಕ್ಕಿಕೊಂಡ ಮನುಷ್ಯ ಬಲಗಡೆ ತೋರಿಸೋಕೆ ಆಗಲ್ಲ. ಇಬ್ಬರು ಹೋಗಿದ್ದೇ ಆದ್ರೆ, ಯಾರೋ ಹೊರಗೆ ನಿಂತು ತೋರಿಸಿದಾರೆ. ಮಂಜಣ್ಣ ಒಳಗಿದಾರೆ ಅಂತ ಗೊತ್ತಿದ್ದವರು. ಆಮೇಲೆ ಮೂರು ದಿನದಿಂದ ಬಾಯಿ ಬಿಟ್ಟಿಲ್ಲ.”

ಭಾವ ಹಣೆ ಒರೆಸಿಕೊಂಡು, “ಅದೆಲ್ಲ ಸ್ಟೇಷನ್ನಲ್ಲಿ ಎಕ್ಸ್‌ಪರ್ಟ್ ನೋಡ್ತಾರೆ ಬಿಡಮ್ಮ,” ಎಂದರು. “ಬಿಚ್ಚಲಾ ಸಾಹೇಬ್ರೆ?”

“ಅಕ್ಕ,” ನಾನು ಬೇಗ ಕೇಳಿದೆ, “ಯಾರು ಕಾರ್ಡು ತೋರಿಸಿದ್ರು ಅಂತ ನೆನಪಿಟ್ಕೊಳ್ಳೋಕೆ ಏನಾದ್ರೂ ಡಬ್ಬಿ ಇದೆಯಾ?”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದಿದೆ. ‘ಕೊನೆಕಾರ್ಡು’ ಅಂತ. ಎಡಗಡೆ ಆಗಲಿ, ಬಲಗಡೆ ಆಗಲಿ, ಯಾರು ತೋರಿಸಿದ್ರೂ ಅವರ ನಂಬರು ಅದರಲ್ಲಿ ಕೂರುತ್ತೆ. ಆದ್ರೆ ಹೊಸದು ಬಂದ್ರೆ ಹಳೇದು ಹೋಗುತ್ತೆ. ಒಂದು ಡಬ್ಬಿಯಲ್ಲಿ ಒಂದೇ.”

“ಮಂಗಳವಾರದ ಮೇಲೆ ಯಾರಾದ್ರೂ ಇಲ್ಲಿ ಕಾರ್ಡು ತೋರಿಸಿದ್ರಾ?”

“ಯಾರು ತೋರಿಸ್ತಾರೆ? ಬಾಗಿಲು ಮುರಿದು ಸೀಲ್ ಮಾಡಿದೀವಿ,” ಎಂದರು ಸಾಹೇಬರು. ಹಾಗಾದರೆ ಮಂಗಳವಾರದ ನಂಬರು ಇನ್ನೂ ಅದರಲ್ಲೇ ಇದೆ ಎಂದು ಹೊಳೆದು ಅವರ ಹುಬ್ಬು ಮೇಲೇರಿತು.

“ಕಾಗದದ ಮೇಲೋ, ಎಲ್ಲಾದ್ರೂ ಬರೆದಿಡೋದಿಲ್ವಾ ಅದು?” ಎಂದು ಅವರೇ ಕೇಳಿದರು.

“ಇಲ್ಲ ಸಾರ್,” ಅಕ್ಕ ನಾಚಿಕೆಯಿಂದ ಹೇಳಿದಳು. “ಬರೆದಿಡೋದು ಹೇಗೆ ಅನ್ನೋದು ಮುಂದಿನ ಪಾಠ. ಮೇಷ್ಟ್ರು ಇನ್ನೂ ಹೇಳಿಕೊಟ್ಟಿಲ್ಲ. ಕರೆಂಟು ಇರೋವರೆಗೆ ಡಬ್ಬಿಗಳು ಇರ್ತವೆ. ಹೋದ್ರೆ ಎಲ್ಲಾ ಖಾಲಿ.”

ಸಾಹೇಬರು ನಿಧಾನವಾಗಿ ಭಾವನ ಕಡೆ ತಿರುಗಿ, ಪ್ಲಗ್ಗಿನಿಂದ ದೂರ ನಿಲ್ಲುವಂತೆ ಕೈಸನ್ನೆ ಮಾಡಿದರು. ಭಾವ ದೂರ ನಿಂತರು. ನನಗೆ ಆಗ ಗೆದ್ದಷ್ಟು ಸಂತೋಷವಾಯಿತು. ಇವತ್ತು ರಾತ್ರಿ ಅಕ್ಕ ತನ್ನ ಮನೆಯಲ್ಲೇ ಮಲಗುತ್ತಾಳೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

“ಆದ್ರೆ ಇವರ ಕೈಗೆ ಕೀಬೋರ್ಡು ಕೊಡಲ್ಲ,” ಎಂದರು ಸಾಹೇಬರು. “ಏನಾದ್ರೂ ಬದಲಾಯಿಸಿಬಿಟ್ರೆ? ನಾನೇ ಒತ್ತುತೀನಿ. ಹೇಳ್ತಾ ಹೋಗಿ.”

ಮೊದಲು ಪ್ರೋಗ್ರಾಮು ನಿಲ್ಲಿಸುವ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿಸಿದಳು ಅಕ್ಕ. ಡಬ್ಬದ ಕಿರುಪರದೆಯಲ್ಲಿ ಒಂದು ಸಣ್ಣ ಗೆರೆ ಮಿಣುಕತೊಡಗಿತು. ಡಬ್ಬಿಗಳು ಹಾಗೇ ಇರುತ್ತವೆ, ಹೆಸರು ಹಿಡಿದು ಕೇಳಿದರೆ ಒಳಗಿರುವುದನ್ನು ತೋರಿಸುತ್ತವೆ ಎಂದಳು.

ಸಾಹೇಬರು ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕೋಳಿ ಕಾಳು ಹೆಕ್ಕುವಂತಿತ್ತು ಅವರ ಟೈಪಿಂಗು. ‘ತೋರಿಸು’ ಎನ್ನುವ ಅರ್ಥದ ‘ಪ್ರಿಂಟ್’ ಬರೆದು, ಆವರಣದೊಳಗೆ ‘ಒಳಗಿದಾರಾ’ ಎಂದು ಬರೆಯುವಷ್ಟರಲ್ಲಿ ಗಡಿಯಾರ ಹನ್ನೊಂದೂವರೆ ದಾಟಿತ್ತು.

ಪರದೆಯ ಮೇಲೆ ಉತ್ತರ ಬಂತು.

“ಇಲ್ಲ ಅಂತಿದೆ ಸಾರ್,” ಅಕ್ಕ ಓದಿದಳು. ಒಬ್ಬ ಮನುಷ್ಯ ಬಾಗಿಲು ಬಡಿಯುತ್ತಾ ಸಾಯುತ್ತಿದ್ದಾಗಲೂ ಆ ಡಬ್ಬಿ ‘ಇಲ್ಲ’ ಎಂದೇ ಹೇಳುತ್ತಿತ್ತು.

“ಈಗ ಕೊನೆಕಾರ್ಡು,” ಎಂದೆ ನಾನು.

ಸಾಹೇಬರು ಮತ್ತೆ ಹೆಕ್ಕಿದರು. ಕೊನೆಯ ಕೀಲಿ ಒತ್ತಿದ ಕೂಡಲೇ ಪರದೆಯ ಮೇಲೆ ಮೂರು ಸಾಲು ಸರಸರನೆ ಬಂದವು. ಅಕ್ಕ ಮುಂದೆ ಬಗ್ಗಿ, “ಅಂಥ ಡಬ್ಬಿಯೇ ಇಲ್ಲ ಅಂತಿದೆಯಲ್ಲ!” ಎಂದಳು.

ಹೋಯಿತೇ? ನಿಲ್ಲಿಸಿದಾಗಲೇ ಅಳಿಸಿಹೋಯಿತೇ?

“ಒಂದಕ್ಷರ ಬಿಟ್ಟಿದೀರಿ ಸಾರ್,” ಎಂದಳು ಅಕ್ಕ ಸಮಾಧಾನದಿಂದ. ಪಾಠ ಒಪ್ಪಿಸುವ ಹುರುಪು ಅವಳ ದನಿಗೆ ಸ್ವಲ್ಪ ಬಂದಿತ್ತು. “ಡಬ್ಬಿ ಹೆಸರಲ್ಲಿ ಒಂದು ಚೂರು ಆಚೀಚೆ ಆದ್ರೂ ಅದಕ್ಕೆ ಗುರುತು ಸಿಗಲ್ಲ. ಇನ್ನೊಂದು ಸಲ ಒತ್ತಿ.”

ಸಾಹೇಬರು ಬೆವರುತ್ತಿದ್ದರು. ಮ್ಯಾನೇಜರು ನಮ್ಮ ಬೆನ್ನ ಹಿಂದೆ ಬಂದು ಕತ್ತು ಚಾಚಿದ್ದರು. ಮಂಜಣ್ಣನ ಕಾರ್ಡು ಎರಡು ಸಾವಿರದ ಹನ್ನೆರಡು. ಆ ನಂಬರು ಬಂದರೆ ಸಾಹೇಬರ ಮಾತು ನಿಜ, ಅಕ್ಕ ಮನೆಗೆ. ಬೇರೆ ನಂಬರು ಬಂದರೆ ನನ್ನ ಮಾತು ನಿಜ, ಆಗಲೂ ಅಕ್ಕ ಮನೆಗೆ. ಎರಡರಲ್ಲಿ ಯಾವುದು ಬಂದರೂ ಗೆಲುವು ನಮ್ಮದೇ ಎಂದು ನಾನು ಲೆಕ್ಕ ಹಾಕಿದ್ದೆ.

ಪರದೆಯ ಮೇಲೆ ಬಂದಿದ್ದು: 31.

“ಮೂವತ್ತೊಂದಾ?” ಮ್ಯಾನೇಜರು ನಿಟ್ಟುಸಿರುಬಿಟ್ಟರು. “ಅಂಥ ಕಾರ್ಡೇ ನಮ್ಮಲ್ಲಿಲ್ಲ ಸಾರ್. ಎಲ್ಲ ಕಾರ್ಡಿಗೂ ನಾಲ್ಕು ಅಂಕಿ.”

“ನೋಡಿದ್ರಾ,” ಸಾಹೇಬರು ಸೊಂಟ ನೆಟ್ಟಗೆ ಮಾಡಿಕೊಂಡರು. “ಡಬ್ಬಿಯಲ್ಲಿ ಕಸ ಇದೆ. ಅರ್ಧ ಗಂಟೆ ಹಾಳು.”

“ಕಸ ಅಲ್ಲ ಸಾರ್,” ಎಂದಳು ಅಕ್ಕ. ತಪ್ಪಿಗೆ ತಪ್ಪು ಸೇರಬಾರದೆಂಬ ಅವಳ ಹಟ ನನಗೆ ಗೊತ್ತು. “ಅದೂ ನನ್ನದೇ ತಪ್ಪು. ಕಾರ್ಡಿನ ನಂಬರನ್ನ ಅಕ್ಷರದ ಡಬ್ಬಿಯಲ್ಲಿ ಇಡಬೇಕಿತ್ತು. ಕೂಡೋದು ಕಳೆಯೋದು ಮಾಡಲ್ಲ ಅಂದ ಮೇಲೆ ಅದು ನಂಬರಲ್ಲ, ಹೆಸರು ಅಂತ ಮೇಷ್ಟ್ರು ಹೇಳಿದ್ರು. ನಾನು ಕೇಳದೆ ನಂಬರಿನ ಡಬ್ಬಿಯಲ್ಲೇ ಇಟ್ಟೆ. ಅದರಲ್ಲಿ ಮುಂದಿನ ಸೊನ್ನೆಗಳು ನಿಲ್ಲಲ್ಲ ಸಾರ್, ಬೆಲೆ ಇಲ್ಲ ಅಂತ ಉದುರಿ ಹೋಗ್ತವೆ. ಈ ಮೂವತ್ತೊಂದು ಅಂದ್ರೆ ನಾಲ್ಕಂಕಿಯಲ್ಲಿ ಸೊನ್ನೆ, ಸೊನ್ನೆ, ಮೂರು…”

ಅವಳ ಕೈ ತಾನಾಗಿ ಕುತ್ತಿಗೆಯ ದಾರಕ್ಕೆ ಹೋಯಿತು. ದಾರದ ತುದಿಯಲ್ಲಿ ಅವಳ ಫೋಟೋ ಇದ್ದ ಕಾರ್ಡು ನೇತಾಡುತ್ತಿತ್ತು. ಅದರ ಮೇಲೆ ಕಪ್ಪಗೆ, ದಪ್ಪಗೆ: 0031.

ಎಲ್ಲರ ಕಣ್ಣೂ ಆ ಕಾರ್ಡಿನ ಮೇಲೆ ನೆಟ್ಟವು.

ಮ್ಯಾನೇಜರು ಮುಂದೆ ಬಂದು ಓದಿದರು. “ಅದು… ನಿಮ್ಮ ಕಾರ್ಡು ಅಲ್ವೇನಮ್ಮಾ?”

ಈ ಡಬ್ಬವನ್ನು ಉಳಿಸಿದವಳು ನಾನು. ಸುಮ್ಮನಿದ್ದಿದ್ದರೆ ಅಕ್ಕನ ಮೇಲೆ ಅಜಾಗ್ರತೆಯ ಆರೋಪ ಬರುತ್ತಿತ್ತು, ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಈಗ ಅವಳ ಕಾರ್ಡನ್ನೇ ಕೊಲೆಯ ಬಾಗಿಲಿಗೆ ಅಂಟಿಸಿಕೊಟ್ಟಿದ್ದೆ.

ಆದರೆ ಮರುಕ್ಷಣವೇ ನನಗೆ ನಗು ಬರುವಷ್ಟು ಧೈರ್ಯ ಬಂತು. ಮಂಗಳವಾರ ಅಕ್ಕನಿಗೆ ರಜೆ. ಮೂರು ಗಂಟೆಗೆ ಅವಳು ಕಣ್ಣಿನ ಡಾಕ್ಟರ ಬೆಂಚಿನ ಮೇಲೆ, ಔಷಧಿ ಬಿಡಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ನಾನಿದ್ದೆ. ನಾಲ್ಕೂವರೆಯವರೆಗೆ ಅವಳ ಕೈ ನನ್ನ ಕೈಯಲ್ಲೇ ಇತ್ತು. ಈ ಕಾರ್ಡನ್ನು ಬೇರೆ ಯಾರೋ ಬಳಸಿದ್ದಾರೆ.

“ಸಾರ್, ಅಕ್ಕ ಅವತ್ತು…”

“ನಾನೇ ಹೋಗಿದ್ದೆ,” ಎಂದಳು ಅಕ್ಕ.

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಅವಳ ಮುಖ ನೋಡಿದೆ. ಅಳು ನಿಂತಿತ್ತು. ದನಿ ಗಟ್ಟಿಯಾಗಿತ್ತು.

“ಮಂಜಣ್ಣನ ಜೊತೆ ಒಳಗೆ ಹೋಗಿದ್ದು ನಾನೇ ಸಾರ್. ನಾನು ಹೊರಗೆ ಬಂದೆ. ಅವರು ಇದ್ದಾರೆ ಅನ್ನೋದು ಮರೆತೆ. ಬರ್ಕೊಳ್ಳಿ, ಸೈನ್ ಹಾಕ್ತೀನಿ.”

“ಅವತ್ತು ನಿಮಗೆ ರಜೆ ಇತ್ತಲ್ಲ?” ಮ್ಯಾನೇಜರು ಕೇಳಿದರು.

“ಅರ್ಧ ಗಂಟೆ ಬಂದು ಹೋದೆ.”

ಸುಳ್ಳು! ಹುಟ್ಟಿದಾಗಿನಿಂದ ನನ್ನ ಮುಂದೆ ಒಂದು ಸುಳ್ಳನ್ನೂ ಹೇಳದವಳು, ನನಗೇ ಗೊತ್ತಿರುವ ವಿಷಯದಲ್ಲಿ, ನನ್ನ ಕಣ್ಣೆದುರಿಗೇ ಸುಳ್ಳು ಹೇಳುತ್ತಿದ್ದಳು. ಯಾರಿಗಾಗಿ?

ರಜೆಯ ದಿನ ಅವಳ ಕಾರ್ಡು ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿರುತ್ತದೆ. ಮಕ್ಕಳಿಲ್ಲದ ಮನೆ. ಅಲ್ಲಿ ಇರುವವರು ಇಬ್ಬರೇ. ಒಬ್ಬಳು ಕಣ್ಣಿನ ಡಾಕ್ಟರ ಹತ್ತಿರ ನನ್ನ ಜೊತೆಗಿದ್ದಳು. ಇನ್ನೊಬ್ಬರಿಗೆ ಈ ಗೋದಾಮಿನಲ್ಲಿ ಕಾರ್ಡಿಲ್ಲ, ಏಕೆಂದರೆ ಅವರು ಗುತ್ತಿಗೆಯವರು. ಮುರಿದ ಹಿಡಿಯ ಅಳತೆ ತೆಗೆಯಬೇಕಾದ ಮೆಕ್ಯಾನಿಕ್ ಕೂಡ ಅವರೇ.

ನಾನು ತಿರುಗಿ ಭಾವನನ್ನು ನೋಡಿದೆ.

ಅವರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಅಕ್ಕ ಹೇಳಿದ್ದು ಸುಳ್ಳೆಂದು ನನ್ನಷ್ಟೇ ಚೆನ್ನಾಗಿ ಅವರಿಗೂ ಗೊತ್ತು. ಮಂಗಳವಾರ ಎರಡು ಗಂಟೆಗೆ ನಮ್ಮಿಬ್ಬರನ್ನೂ ಡಾಕ್ಟರ ಬಾಗಿಲಿಗೆ ತಮ್ಮ ಗಾಡಿಯಲ್ಲಿ ಬಿಟ್ಟು, “ಐಸ್ ಫ್ಯಾಕ್ಟರೀಲಿ ಕೆಲಸ ಇದೆ” ಎಂದು ಹೋದವರೇ ಅವರು. ಹೆಂಡತಿ ಮಾಡದ ತಪ್ಪನ್ನು ತಲೆಗೆ ಕಟ್ಟಿಕೊಳ್ಳುತ್ತಿದ್ದರೆ ಗಂಡನಾದವನು “ಏನೇ ಹೇಳ್ತಿದೀಯ, ಹುಚ್ಚಾ ನಿನಗೆ!” ಎಂದು ಕೂಗಬೇಕಲ್ಲವೇ? ಭಾವ ಕೂಗಲಿಲ್ಲ.

ಇಪ್ಪತ್ತಾರು ವರ್ಷದಿಂದ ಬಲ್ಲ ಮನುಷ್ಯ. ನನಗೆ ಸೈಕಲ್ ಕಲಿಸಿದವರು.

ಸಾಹೇಬರು ಈಗ ನನ್ನ ಕಡೆ ತಿರುಗಿದರು. “ಏನೋ ಹೇಳೋಕೆ ಹೊರಟಿದ್ರಿ ಮೇಡಂ. ಮಂಗಳವಾರ ಮೂರು ಗಂಟೆಗೆ ನಿಮ್ಮಕ್ಕ ಎಲ್ಲಿದ್ರು? ನಿಮಗೆ ಗೊತ್ತಾ?”

ಅಕ್ಕ ನನ್ನನ್ನು ನೋಡಿ ತಲೆಯನ್ನು ಒಂದಿಷ್ಟೇ ಅಡ್ಡಡ್ಡ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ಅಷ್ಟು ದೈನ್ಯವನ್ನು ನಾನು ಎಂದೂ ಕಂಡಿರಲಿಲ್ಲ. ನಿಜ ಹೇಳಿದರೆ ಅವಳು ಉಳಿಯುತ್ತಾಳೆ, ಅವಳ ಮನೆ ಉಳಿಯುವುದಿಲ್ಲ. ಆಗಿದ್ದು ಆಗಲಿ, ನನಗೆ ಬೇಕಾಗಿದ್ದವಳು ನನ್ನ ಅಕ್ಕ. ನಾನು ಬಾಯಿ ತೆರೆದೆ.

“ಪುಟ್ಟಿಗೆ ಗೊತ್ತಿಲ್ಲ ಸಾಹೇಬ್ರೆ.”

ಭಾವನ ದನಿ. ನಾವೆಲ್ಲ ತಿರುಗಿದೆವು. ಅಕ್ಕನ ಮುಖ ಅರಳಿತು, ಹೆದರಿಕೆಯೂ ಅದರಲ್ಲೇ ಬೆರೆತಿತ್ತು. ಗಂಡ ಈಗ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ತಾನು ತಡೆಯಬೇಕು ಎಂದು ಒಂದು ಹೆಜ್ಜೆ ಮುಂದೆಯೂ ಇಟ್ಟಳು. ನಾನೂ ಅದನ್ನೇ ನಿರೀಕ್ಷಿಸಿದ್ದೆ.

ಭಾವ ನೆಲದಿಂದ ಕಣ್ಣೆತ್ತಲಿಲ್ಲ.

“ಇವಳು ಹೇಳ್ತಿರೋದು ನಿಜ. ನಾಚಿಕೆಗೆ ಇಷ್ಟು ದಿನ ಹೇಳಿರಲಿಲ್ಲ. ಮಂಗಳವಾರ ಎರಡೂವರೆಗೆ ನಾನೇ ಇವಳನ್ನ ಗಾಡೀಲಿ ಕರ್ಕೊಂಡು ಬಂದು ಹಿಂದಿನ ಗೇಟಿಗೆ ಬಿಟ್ಟು ಹೋದೆ. ಮಂಜಣ್ಣನಿಗೂ ಇವಳಿಗೂ ಆಗಿ ಬರ್ತಿರಲಿಲ್ಲ ಸಾಹೇಬ್ರೆ. ‘ಇವತ್ತು ಇತ್ಯರ್ಥ ಮಾಡಿಕೊಂಡೇ ಬರ್ತೀನಿ’ ಅಂತ ಹೇಳಿಯೇ ಒಳಗೆ ಹೋದಳು.”

ಸಾಹೇಬರು ಜೇಬಿನಿಂದ ಹೊಸ ಕಾಗದ ತೆಗೆದರು.

ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಲೂ ಅಕ್ಕನಿಗೆ ತೋಚಲಿಲ್ಲ. ‘ಮರೆತೆ’ ಎಂದು ಅವಳು ಹೇಳಿದ್ದನ್ನು ಗಂಡ ‘ಕೊಂದಳು’ ಎಂದು ತಿದ್ದಿದ್ದ. ಅವಳು ಪರಿಚಯವಿಲ್ಲದವರನ್ನು ನೋಡುವಂತೆ ಅವನನ್ನೇ ನೋಡಿದಳು.

“ರೀ…” ಎಂದಳು.